ಪೀಪಿಯ ಬಾಯಿಗೆ ಮೇಣ

ಹೊಳೆದಂಡೆಯ ವಿಮಾನ ಶಾಲೆಯಲ್ಲಿ ಮಾಚಯ್ಯನವರು ಗುರು, ಅನಸೂಯ ಶಿಷ್ಯೆ. ಇವತ್ತು ವಿಮಾನವನ್ನು ನೆಟ್ಟಗೆ ಇಳಿಸಿದರೆ ಇನ್ನು ಮುಂದೆ ಅವಳು ಒಬ್ಬಳೇ ಹಾರಬಹುದು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಅವಳ ವೈರಿ ಒಂದು ಪೀಪಿ. ಒಂಟಿ ಎಂಜಿನ್ನಿನ ಆ ಪುಟ್ಟ ವಿಮಾನ ವೇಗ ಕಳೆದುಕೊಂಡು ಇನ್ನೇನು ಬೀಳಬೇಕು ಎನ್ನುವಾಗ, ಎಡ ರೆಕ್ಕೆಯ ತೂತಿನಿಂದ ಅದು ಊಳಿಡುತ್ತಿತ್ತು. ಅನಸೂಯ ನೆಲ ಹತ್ತಿರವಾದೊಡನೆ ಹೆದರಿ ವಿಮಾನದ ಮೂಗು ಎತ್ತಿಬಿಡುವಳು, ಇದ್ದ ವೇಗವೂ ಬೀಳುವುದು. ಗುರುಗಳು ಪಕ್ಕದಲ್ಲೇ ಕೂತಿದ್ದಾರೆ ಎಂಬ ದಾಕ್ಷಿಣ್ಯವೂ ಇಲ್ಲದೆ ಪೀಪಿ ಅವಳ ಮಾನ ಕಳೆಯುವುದು.

ಆ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಅವಳು ತೂತಿಗೆ ಮೇಣ ತುಂಬಿದಳು.

ಹಾರುವ ಮುನ್ನ ತೂತಿನ ಮೇಲೆ ಕರವಸ್ತ್ರವಿಟ್ಟು, ಬಾಯಿಂದ ಗಾಳಿ ಹೀರಿ, ಪೀಪಿ ಕೂಗುತ್ತದೆಯೇ ಎಂದು ನೋಡುವುದು ಶಿಷ್ಯರ ಕೆಲಸ. ಅನಸೂಯ ಹೀರಿದಂತೆ ಮಾಡಿದಳು.

"ಕೇಳಿಸ್ತಾ?"

"ಕೇಳಿಸ್ತು ಸಾರ್."

ಮಾಚಯ್ಯ ತಾವೇ ಬಗ್ಗಿ ಹೀರಿದರು. ಸದ್ದಿಲ್ಲ. ಉಗುರಿನಿಂದ ಮೇಣ ಕೆದಕಿ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಶೆಡ್ಡಿನ ಹಿಂದೆ ಕರೆದೊಯ್ದರು. ಅಲ್ಲಿ ಮುರಿದ ವಿಮಾನವೊಂದು ಹುಲ್ಲಿನಲ್ಲಿ ಬಿದ್ದಿತ್ತು. ಶಾಲೆಯ ಮೊದಲ ವಿಮಾನ ಅದು, ಬಲು ಮೊಂಡು ಎಂದರು. ಮೂರನೆಯ ಚಕ್ರ ಬಾಲದಡಿ ಇತ್ತಂತೆ, ಗುರು ಶಿಷ್ಯರು ಹಿಂದೆಮುಂದೆ ಕೂರಬೇಕಿತ್ತಂತೆ. ಆಮೇಲೆ ಬಂದವುಗಳಲ್ಲಿ ಚಕ್ರ ಮೂಗಿನಡಿಗೆ ಬಂತು, ಆಸನಗಳು ಪಕ್ಕಪಕ್ಕವಾದವು, ವಿಮಾನವೇ ಸಾಧುವಾಯಿತು.

"ಇದರ ರೆಕ್ಕೇಲಿ ಆ ತೂತು ಹುಡುಕು."

ಸೊಟ್ಟಗಾದ ರೆಕ್ಕೆಯನ್ನು ಅವಳು ತುದಿಯವರೆಗೂ ಸವರಿ ನೋಡಿದಳು.

"ಇಲ್ಲ ಸಾರ್."

ಇದನ್ನು ಕೊನೆಗೆ ಹಾರಿಸಿದವನು ಪೂವಯ್ಯ ಎಂದರು ಮಾಚಯ್ಯ. ಅವರದೇ ಶಿಷ್ಯ, ಒಬ್ಬನೇ ಹೋಗು ಎಂದು ಕಳಿಸಿದವರೂ ಅವರೇ. ಇಳಿಯಲೆಂದು ಹೊಳೆಯ ಮೇಲೆ ತಿರುಗುವಾಗ ವೇಗ ಬಿತ್ತು. ಅವನೂ ಹೆದರಿ ಮೂಗು ಎತ್ತಿದ. ಮೂಗು ಇಳಿಸು ಎಂದು ಕೂಗುತ್ತ ಮಾಚಯ್ಯ ಬಯಲಿನಲ್ಲಿ ಓಡಿದ್ದರು. ಪೂವಯ್ಯ ಉಳಿಯಲಿಲ್ಲ. ಪೀಪಿ ಇರುವ ವಿಮಾನ ಶಾಲೆಗೆ ಬಂದದ್ದು ಅದಾದ ಮೇಲೆ.

ಇನ್ನು ತನ್ನನ್ನು ಯಾರೂ ಹಾರಲು ಬಿಡುವುದಿಲ್ಲ, ಬಿಡಲೂಬಾರದು ಎಂದು ಅನಸೂಯಳಿಗೇ ಗೊತ್ತಾಯಿತು. ಆದರೂ ಕೇಳಿದಳು.

"ಇನ್ನೊಂದ್ಸಲ ಹೀರಿ ನೋಡ್ಲಾ ಸಾರ್?"

ಮಾಚಯ್ಯ ಮೇಣದ ಉಂಡೆಯನ್ನು ಅವಳ ಅಂಗೈಯಲ್ಲಿಟ್ಟರು.

"ಅವತ್ತು ನಾನು ಗಂಟಲು ಹರಿಯೋ ಹಾಗೆ ಕೂಗಿದೆ. ಅವನಿಗೆ ಕೇಳಿಸಲಿಲ್ಲ. ನಿನಗೆ ಕೇಳಿಸ್ತಾ ಇತ್ತು."