ಬಾಳವ್ವನ ಸಾಕ್ಷಿ

ಕಾರಹುಣ್ಣಿಮೆಯ ಮರುದಿನ, ಒಂದು ಮಂಗಳವಾರ, ದುಂಡಪ್ಪ ಮೊದಲ ಸಲ ಎದ್ದು ಹೊರಟುಬಿಟ್ಟ. ವಕೀಲಿ ಕಲಿಯಲು ಪೇಟೆಯ ದೊಡ್ಡ ವಕೀಲರ ಹತ್ತಿರ ಸೇರಿದ್ದವನು, ಅವರ ಕಡತ ಹೊತ್ತು ಹೊತ್ತು ಬೇಸತ್ತು, ಅದನ್ನು ಕೋರ್ಟಿನ ಮೆಟ್ಟಿಲ ಮೇಲೇ ಇಟ್ಟು ನಡೆದಿದ್ದ.

ಆಮೇಲೆ ವಕೀಲಿಯ ಸನ್ನದು ಸಿಕ್ಕಿತು, ಊರು ಬದಲಾದವು, ಗುರುಗಳು ಬದಲಾದರು, ಕಾಲು ಮಾತ್ರ ನಿಲ್ಲಲಿಲ್ಲ. ಕೊನೆಗೆ ಹೊಳೆದಂಡೆಯ ಪರಪ್ಪನವರ ಬಳಿ ಬಂದ.

ಪರಪ್ಪನವರು ವಾದ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮನೆಯ ಮುಂದಿನ ಕಟ್ಟೆಗೆ ಬಂದ ಕಕ್ಷಿದಾರರ ಮಾತು ಕೇಳಿ, ಕೇಸು ಹದ ಮಾಡಿ, ವಾದಿಸುವವರ ಕೈಗೆ ಕೊಡುವುದಷ್ಟೇ ಅವರ ಕೆಲಸ.

ಒಂದು ದಿನ ಖಾನಾವಳಿ ನಡೆಸುವ ಬಾಳವ್ವ ಬಂದಳು. ಆಕೆಯ ತಮ್ಮ ಯಮನೂರಿ ಜೈಲಿನಲ್ಲಿದ್ದ. ಗೌಡರ ಬಣವೆಗೆ ಬೆಂಕಿ ಇಟ್ಟನೆಂಬ ಆರೋಪ. ಆ ಹೊತ್ತಿಗೆ ಅವನು ಅಕ್ಕನ ಎದುರು ಉಣ್ಣುತ್ತ ಕೂತಿದ್ದ. ಕಂಡವಳು ಅವಳೊಬ್ಬಳೇ.

ಮರುದಿನವೇ ಅವಳ ಸಾಕ್ಷಿ.

"ದುಂಡಪ್ಪಾ, ಅಕಿ ಹೇಳಿದ್ದು ಕೇಳು. ಅಕಿ ಬಾಯಾಗ ನಿನ್ನ ಮಾತು ತುರುಕಬ್ಯಾಡ," ಎಂದು ಪರಪ್ಪನವರು ಸ್ನಾನಕ್ಕೆ ಹೋದರು.

ಬಾಳವ್ವ ಹೇಳತೊಡಗಿದಳು: "ತಮ್ಮ ಎರಡನೇ ರೊಟ್ಟಿ ಮುರಿಯಾಕತ್ತಿದ್ದ್ರಿ. ಹೊರಗ ಮಂದಿ ಬೆಂಕಿ ಬೆಂಕಿ ಅಂತ ಒದರಿದ್ರು. ನಾ ಬಾಗಿಲಿಗೆ ಓಡಿದ್ನಿ. ಹಂಚಿನ ಮ್ಯಾಲಿಂದು ಸೀದು ಕರ್ರಗಾತು. 'ಅಕ್ಕಾ, ಸೀದದ್ದು ನೀನ ತಿನ್ನು' ಅಂತ ನಕ್ಕ ನೋಡ್ರಿ ಅವಾ."

"ಏ ಅವ್ವಾ, ಸಾಹೇಬ್ರ ಮುಂದ ಈ ರೊಟ್ಟಿ ಪುರಾಣ ನಡೆಯಂಗಿಲ್ಲ," ಎಂದ ದುಂಡಪ್ಪ. "ಹಿಂಗ ಹೇಳು: ಸದರಿ ಆರೋಪಿಯು ಸಂಜೆ ಏಳೂವರೆ ಗಂಟೆಗೆ ನನ್ನ ಖಾನಾವಳಿಯಲ್ಲಿ ಹಾಜರಿದ್ದನು."

"ನನ್ನ ನಾಲಿಗೆ ಹೊಳ್ಳೂದಿಲ್ಲೋ ಯಪ್ಪಾ."

"ತಮ್ಮ ಹೊರಗ ಬರಬೇಕೋ ಬ್ಯಾಡೋ?"

ಅವಳು ಹೊಳೆಯ ಕಡೆ ಮುಖ ಮಾಡಿ ಕೂತು, ಅದನ್ನೇ ಬಾಯಿಪಾಠ ಮಾಡಿದಳು.

ಮರುದಿನ ಕಟಕಟೆಯಲ್ಲಿ, ಯಮನೂರಿಯ ಪರ ವಾದಿಸುವ ವಕೀಲರು ಕೇಳಿದಾಗ, ಅರಗಿಣಿಯ ಹಾಗೆ ಒಪ್ಪಿಸಿದಳು. ಹಿಂದಿನ ಬೆಂಚಿನಲ್ಲಿ ದುಂಡಪ್ಪ ಮೀಸೆಯಲ್ಲೇ ನಕ್ಕ. ಪಕ್ಕದಲ್ಲಿದ್ದ ಪರಪ್ಪನವರು ನಗಲಿಲ್ಲ.

ಸರ್ಕಾರಿ ವಕೀಲ ಪಾಟೀಸವಾಲಿಗೆ ಎದ್ದ.

"ಅವ್ವಾ, ನಿನ್ನ ಖಾನಾವಳ್ಯಾಗ ಗಡಿಯಾರ ಐತೇನು?"

"ಇಲ್ರಿ."

"ಗಡಿಯಾರ ನೋಡಾಕರೆ ಬರತೈತೇನು?"

"ಇಲ್ರಿ."

"ಮತ್ತ ಏಳೂವರಿ ಅಂತ ಯಾರು ಹೇಳಿಕೊಟ್ರು?"

ಬಾಳವ್ವನ ಕಣ್ಣು ದುಂಡಪ್ಪನ ಕಡೆ ಹೊರಳಿ, ಥಟ್ಟನೆ ನೆಲಕ್ಕಿಳಿಯಿತು.

"ಯಾರೂ ಇಲ್ರಿ."

ದುಂಡಪ್ಪನನ್ನು ಉಳಿಸಲು ಆಡಿದ ಸುಳ್ಳು ಅದು.

ನ್ಯಾಯಾಧೀಶರ ಹುಬ್ಬು ಗಂಟಿಕ್ಕಿತು. ಅತ್ತ ಯಮನೂರಿ ಕಂಬಿ ಹಿಡಿದು ಅಕ್ಕನನ್ನೇ ನೋಡುತ್ತಿದ್ದ.

"ಏನ್ ಮಾಡ್ಲಿರಿ?" ದುಂಡಪ್ಪ ಗುರುವಿನ ಕಿವಿಯಲ್ಲಿ ಪಿಸುಗುಟ್ಟಿದ. "ಬಾಯಿ ಬಿಟ್ರ ನನ್ನ ಸನ್ನದು ಹೋಗತೈತಿ. ವಕೀಲಿ ಅಲ್ಲಿಗೇ ಮುಗೀತು."

ಪರಪ್ಪನವರು ಅವನಿಗೆ ದಾರಿಯಾಗಲೆಂದು ಮೊಣಕಾಲು ಸರಿಸಿ ಕೂತರು. ಆ ದಾರಿ ಬಾಗಿಲಿಗೂ ಹೋಗುತ್ತಿತ್ತು, ನ್ಯಾಯಾಧೀಶರ ಎದುರಿಗೂ ಹೋಗುತ್ತಿತ್ತು.

ದುಂಡಪ್ಪ ಎದ್ದ. ರೂಢಿಯಂತೆ ಕಾಲು ಬಾಗಿಲ ಕಡೆಗೇ ತಿರುಗಿತು. ಒಂದು ಗಳಿಗೆ ನಿಂತ. ಆಮೇಲೆ ಮುಂದಕ್ಕೆ ನಡೆದ.

"ಮಹಾಸ್ವಾಮಿ, ಹೇಳಿಕೊಟ್ಟವನು ನಾನೇ. ಆಕೆ ಕಂಡದ್ದನ್ನು ಆಕೆಯ ಬಾಯಲ್ಲೇ ಕೇಳಬೇಕು."

ನ್ಯಾಯಾಧೀಶರು ಅವನ ಹೆಸರು ಬರೆದುಕೊಂಡರು.

"ವಕೀಲರ ಪರಿಷತ್ತಿಗೆ ತಿಳಿಸುತ್ತೇನೆ. ಅವರ ತೀರ್ಮಾನ ಬರುವವರೆಗೆ ಕೋಟು ಹಾಕಿಕೊಂಡು ನನ್ನ ಮುಂದೆ ಬರಬೇಡಿ." ಆಮೇಲೆ ಬಾಳವ್ವನ ಕಡೆ ತಿರುಗಿದರು. "ಈಗ ನಿನ್ನ ಮಾತಿನಲ್ಲಿ ಹೇಳವ್ವ."

ಅವಳು ಹೇಳಿದಳು, ಸೀದ ರೊಟ್ಟಿಯನ್ನೂ ಬಿಡದೆ. ಸರ್ಕಾರಿ ವಕೀಲ ಮತ್ತೆ ಎದ್ದು ಕೆದಕಿದ. ಈ ಸಲ ಅವಳು ಅಳುಕಲಿಲ್ಲ.

ತೀರ್ಪು ಸೋಮವಾರಕ್ಕೆ ಹೋಯಿತು.

ಸಂಜೆ ದುಂಡಪ್ಪ ಕೋಟನ್ನು ಮಡಚಿ ಕಟ್ಟೆಯ ಮೇಲಿಟ್ಟು, ಉಳಿದ ಬಟ್ಟೆಯನ್ನು ಗಂಟು ಕಟ್ಟತೊಡಗಿದ.

"ಮತ್ತ ಹೊಂಟಿ?"

"ಹೌದ್ರಿ. ಕೋಟಿಲ್ಲದ ವಕೀಲಗ ಇಲ್ಲೇನು ಕೆಲಸ?"

ಪರಪ್ಪನವರು ಗಂಟಿನ ಕಡೆ ನೋಡಿದರು.

"ಸೋಮವಾರ ಬಾಳವ್ವನ ಬಾಜೂಕ ಯಾರರೆ ಒಬ್ಬರು ಕೂಡಬೇಕು. ಅದಕ್ಕ ಕೋಟು ಬೇಕಾಗೂದಿಲ್ಲ."