ಗಾಜಿನಾಚೆ ನಿಂತ ಚೇರ್ಮನ್ನರು

ಬಾಟಲಿಯಲ್ಲಿ ಬಾಳೆಸಸಿ ಬೆಳೆಸುವ ಟಿಶ್ಯೂ ಕಲ್ಚರ್ ಪ್ರಯೋಗಾಲಯ ಅದು. ಭೇಟಿಗೆ ಬಂದ ಸಂಸ್ಥೆಯ ಚೇರ್ಮನ್ ದೇವೀರಪ್ಪನವರು ಸ್ವಾಗತದ ಹಾರ ಹಾಕಿಕೊಂಡೇ, ಫೋಟೊದವನ ಸಮೇತ ಸಸಿಗಳ ಕೋಣೆಗೆ ಹೊರಟರು. ಹೊರಗಿನ ಧೂಳು ಹೊಕ್ಕರೆ ಸಸಿಗಳಿಗೆಲ್ಲ ಬೂಷ್ಟು. ಬೇಡವೆಂದ ಅಲ್ಲಿನ ವಿಜ್ಞಾನಿ ಡಾಕ್ಟರ್ ಫರ್ಹಾನಾರನ್ನು, "ನನ್ನನ್ನೇ ತಡೀತೀಯಾ?" ಎಂದು ಗದರಿದರು.

ಬಾಟಲಿ ತೊಳೆಯುವ ನಂಜಮಣಿ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ನಗುತ್ತಲೇ ಗೌನು, ಟೋಪಿ, ಮುಖಗವುಸು ತಂದಳು.

"ಧಾರಾಳವಾಗಿ ಬನ್ನಿ ಬುದ್ಧಿ, ಇಷ್ಟು ತೊಟ್ಕೊಂಡ್ರಾಯ್ತು. ಫೋಟೊದಲ್ಲಿ ಕಣ್ಣೆರಡು ಕಾಣ್ತವೆ. ನೀವ್ಯಾರೋ, ನಾನ್ಯಾರೋ ಗೊತ್ತಾಗಲ್ಲ, ಅಷ್ಟೇ."

ಚೇರ್ಮನ್ನರು ಮೀಸೆ ಮುಟ್ಟಿಕೊಂಡರು. ಕೋಣೆಗೆ ಕಾಲಿಡದೆ ಗಾಜಿನಾಚೆಯೇ ನಿಂತು ಫೋಟೊ ತೆಗೆಸಿಕೊಂಡರು. "ಒಳ್ಳೇದು ಹೇಳ್ದೆ ತಾಯಿ! ಇಲ್ದಿದ್ರೆ ಪೇಪರಲ್ಲಿ ನನ್ ಹೆಂಡ್ತಿಗೂ ಗುರುತು ಸಿಗ್ತಿರಲಿಲ್ಲ" ಎಂದು ಕೈಮುಗಿದು ಹೋದರು.

ಡಾಕ್ಟರ್ ಅವಳ ಒದ್ದೆ ಕೈ ಹಿಡಿದುಕೊಂಡರು. "ಈ ಋಣ ಹೇಗೆ ತೀರಿಸಲಿ ನಂಜಮಣಿ?"

"ಇವು ಗೊನೆ ಬಿಟ್ಟಾಗ ಒಂದು ಚಿಪ್ಪು ಕೊಡಿಸಿ ಮೇಡಂ, ತೀರ್ತದೆ."