ಮಡಕೆಯಲ್ಲಿ ಏಳು ಕಾಳು

“ಬುದ್ಧಿ, ಈ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ?” ಎಂದು ಶಿವಮಲ್ಲ ತನ್ನ ಗುರುಗಳನ್ನು ಕೇಳಿದ.

ಅವನು ಪುಷ್ಯಮಾಸದಲ್ಲಿ ಮೂವರು ಗೆಳೆಯರೊಡನೆ ಹಿಮಾಲಯದ ಒಂದು ಬೆಟ್ಟ ದಾಟಲು ಹೊರಟಿದ್ದ. ಆಚೆ ಒಂದು ಗವಿಯಿದೆ, ಅಲ್ಲಿ ಒಂದು ದಿನ ಮೌನವಾಗಿ ಕೂತು ಬರಬೇಕು ಎಂಬುದು ಅವನ ಆಸೆ. ಹತ್ತಿ ಇಳಿಯಲು ಹನ್ನೊಂದು ದಿನ. ಎರಡು ವರ್ಷದಿಂದ ಸಿದ್ಧತೆ ನಡೆದಿತ್ತು.

ಗುರುಗಳು ಪಟ್ಟಿಯನ್ನು ನಿಧಾನವಾಗಿ ಓದಿದರು. ಹಿಮದ ಬೂಟು ನಾಲ್ಕು ಜೊತೆ, ನಾಲ್ವರ ಕಾಲಿನ ಅಳತೆಯೊಡನೆ. ಹಗ್ಗ, ಗುಡಾರ, ಸ್ಟೌವು, ಒಣಶುಂಠಿ. ಯಾವ ದಿನ ಎಲ್ಲಿಯವರೆಗೆ ನಡೆಯುವುದು, ಎಲ್ಲಿ ಮಲಗುವುದು, ಗಾಳಿ ಎದ್ದರೆ ಯಾವ ಬಂಡೆಯ ಮರೆ. ತುಟಿ ಒಡೆದರೆ ಹಚ್ಚುವ ತುಪ್ಪವನ್ನೂ ಬರೆದಿದ್ದ.

ಮನೆಯಲ್ಲಿ ಏನು ಹೇಳಿದ್ದೀಯೆ ಎಂದು ಗುರುಗಳು ಕೇಳಿದರು.

ಮನೆಯಲ್ಲಿ ಇದ್ದವನು ಅಣ್ಣ ಒಬ್ಬನೇ. ತಂದೆ ಹೋದ ಮೇಲೆ ಶಿವಮಲ್ಲನನ್ನು ಸಾಕಿದವನೂ ಅವನೇ. ಕಾಶಿಗೆ ಹೋಗಿ ಎಂಟು ದಿನಕ್ಕೆ ಬರುತ್ತೇನೆ ಎಂದು ಅಣ್ಣನಿಗೆ ಹೇಳಿದ್ದೇನೆ, ನಿಜ ಸಂಗತಿ ಗೆಳೆಯರ ಮನೆಗಳಿಗೆ ಮಾತ್ರ ಗೊತ್ತು ಎಂದು ಶಿವಮಲ್ಲ ಹೇಳಿದ.

“ಮೈಸೂರಿನ ಚಳಿಗೇ ಎರಡು ಕಂಬಳಿ ಹೊದೆಯುವ ಮನುಷ್ಯ, ಬುದ್ಧಿ. ಹೇಳಿದರೆ ತಾನೂ ಬರುತ್ತೇನೆ ಎಂದು ಗಂಟು ಕಟ್ಟಿಬಿಡುತ್ತಾನೆ. ಅವನಿಗೆ ಯಾಕೆ ಸುಮ್ಮನೆ ಚಿಂತೆ?”

ಶಿವಮಲ್ಲ ನಕ್ಕ, ಗುರುಗಳೂ ನಕ್ಕರು. ಪಟ್ಟಿಯನ್ನು ಮಣೆಯ ಮೇಲಿಟ್ಟು ಈ ಕತೆ ಹೇಳಿದರು.

ಹಿಮದ ಬೆಟ್ಟದ ಬುಡದಲ್ಲಿ ಒಂದು ಊರು. ಬೆಟ್ಟದ ಆಚೆ ಕುರಿ ಸಾಕುವವರ ಇನ್ನೊಂದು ಊರು. ಹೋಗಿ ಬರಲು ಏಳು ದಿನ ಬೇಕು. ಬೇಸಿಗೆಯಲ್ಲಿ ವ್ಯಾಪಾರಿಗಳು ಬೆಟ್ಟ ದಾಟಿ ಉಣ್ಣೆ ತರುತ್ತಿದ್ದರು. ಚಳಿಗಾಲದಲ್ಲಿ ಹೋಗುವವರು ಅಪರೂಪ.

ಬಯಲುಸೀಮೆಯ ಒಬ್ಬ ವ್ಯಾಪಾರಿ ಚಳಿಗಾಲದಲ್ಲೇ ಹೋಗಲು ನಿರ್ಧರಿಸಿದ. ಮೊದಲು ಹೋಗಿ ಮಾತು ಮುಗಿಸಿದವನಿಗೆ ಒಳ್ಳೆಯ ಉಣ್ಣೆ ಸಿಗುತ್ತದೆ. ಅವನು ಹುಂಬನಲ್ಲ. ಎರಡು ಬೇಸಿಗೆ ಆ ದಾರಿಯಲ್ಲಿ ನಡೆದಾಗ ಪ್ರತಿಯೊಂದು ತಿರುವನ್ನೂ ಗುರುತು ಮಾಡಿಕೊಂಡಿದ್ದ. ದಿನಕ್ಕೆ ಎಷ್ಟು ಹುರಿಹಿಟ್ಟು, ಎಷ್ಟು ಬೆಲ್ಲ, ಎಷ್ಟು ಸೌದೆ ಎಂದು ತೂಗಿ ಕಟ್ಟಿದ್ದ. ಜೊತೆಗೆ ಒಬ್ಬನನ್ನು ಕರೆದುಕೊಂಡರೆ ಹೊರೆ ಎರಡು ಪಟ್ಟಾಗುತ್ತದೆ ಎಂದು ಒಬ್ಬನೇ ಹೊರಟ.

ಬೆಟ್ಟದ ಬುಡದ ಊರಿನ ಕೊನೆಯ ಮನೆಯಲ್ಲಿ ಒಬ್ಬ ರೈತ, ಅವನ ಹೆಂಡತಿ, ಅವನ ತಮ್ಮ ಇದ್ದರು. ಬೆಟ್ಟ ಹತ್ತುವವರು ಅಲ್ಲಿ ತಂಗುವುದು ವಾಡಿಕೆ. ರೈತ ವ್ಯಾಪಾರಿಯ ಸಾಮಾನನ್ನೆಲ್ಲ ನೋಡಿ ಮೆಚ್ಚಿಕೊಂಡ. ಕೊನೆಗೆ ಬೂಟನ್ನು ಕೈಗೆತ್ತಿಕೊಂಡು ಅಟ್ಟೆಯನ್ನು ಬಗ್ಗಿಸಿದ. ಈ ಚರ್ಮ ಎರಡನೆಯ ದಿನ ಬಿರಿಯುತ್ತದೆ ಎಂದ. ಒಳಗೆ ಹೋಗಿ ತನ್ನ ಬೂಟು ತಂದುಕೊಟ್ಟ. ಉಣ್ಣೆಯನ್ನು ಒತ್ತಿ ಮಾಡಿದ, ಮೊಣಕಾಲು ಮುಟ್ಟುವ ಬೂಟು. ಆ ಮನೆಯಲ್ಲಿ ಅಂಥದು ಒಂದೇ ಜೊತೆ ಇತ್ತು. ವ್ಯಾಪಾರಿ ಹಿಂಜರಿದ. ಚಳಿಗಾಲವೆಲ್ಲ ಒಲೆಯ ಮುಂದೆ ಕೂರುವವನಿಗೆ ಬೂಟು ಯಾಕೆ ಎಂದು ರೈತ ಅವನನ್ನು ಒಪ್ಪಿಸಿದ.

ಹೊರಡುವ ಹೊತ್ತಿಗೆ ರೈತನ ಹೆಂಡತಿ ಒಂದು ಮಡಕೆಯನ್ನೂ ಒಂದು ಹಿಡಿ ಬಟಾಣಿ ಕಾಳನ್ನೂ ತಂದಳು. ಎಷ್ಟು ದಿನಕ್ಕೆ ಮರಳುತ್ತೀರೋ ಅಷ್ಟು ಕಾಳು ಹಾಕಿ, ದಿನಕ್ಕೊಂದು ತೆಗೆಯುತ್ತೇನೆ ಎಂದಳು. ವ್ಯಾಪಾರಿ ಏಳು ಕಾಳು ಹಾಕಿದ.

“ಇನ್ನೊಂದು ನಾಲ್ಕು ಹಾಕಿ ಸ್ವಾಮಿ. ಬೆಟ್ಟಕ್ಕೆ ಲೆಕ್ಕ ಬರುವುದಿಲ್ಲ” ಎಂದ ರೈತ.

“ನನಗೆ ಬರುತ್ತದೆ” ಎಂದ ವ್ಯಾಪಾರಿ. ಎಲ್ಲರೂ ನಕ್ಕರು.

ಈ ಮಡಕೆ ಯಾತಕ್ಕೆ ಎಂದು ವ್ಯಾಪಾರಿ ಕೇಳಿದ. ನೀವು ಬಾರದಿದ್ದರೆ ನಮಗೆ ತಿಳಿಯಬೇಕಲ್ಲ ಎಂದಳು ರೈತನ ಹೆಂಡತಿ. ತಿಳಿದ ಮೇಲೆ ಏನು ಮಾಡುತ್ತೀರಿ ಎಂದು ಅವನು ಕೇಳಲಿಲ್ಲ.

ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಗುರುತು ಮಾಡಿದ ಬಂಡೆಗಳ ಮರೆಯಲ್ಲಿ ಮಲಗಿದ. ಹಿಟ್ಟು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕಾಲು ಬೆಚ್ಚಗಿತ್ತು. ಮೂರನೆಯ ದಿನ ಸಂಜೆ ಆಚೆಯ ಊರು ಮುಟ್ಟಿದ. ನಾಲ್ಕನೆಯ ದಿನ ಉಣ್ಣೆಯ ಮಾತು ಮುಗಿಯಿತು.

ಐದನೆಯ ದಿನ ಬೆಳಿಗ್ಗೆ ಹೊರಟಾಗ ಅಲ್ಲಿಯ ಹಿರಿಯನೊಬ್ಬ ಬೆಟ್ಟದ ನೆತ್ತಿಯ ಕಡೆ ನೋಡಿ ಬೇಡ ಎಂದ. ಹೊಳೆಯ ಗುಂಟ ಇನ್ನೊಂದು ದಾರಿಯಿದೆ, ಸುತ್ತು, ಆದರೆ ಹಿಮವಿಲ್ಲ, ಇಪ್ಪತ್ತು ದಿನಕ್ಕೆ ನೇರ ನಿಮ್ಮ ಬಯಲುಸೀಮೆಗೇ ಇಳಿಯುತ್ತೀರಿ ಎಂದ. ವ್ಯಾಪಾರಿ ಹಟ ಮಾಡಲಿಲ್ಲ. ಹೊಳೆಯ ದಾರಿ ಹಿಡಿದ. ಜಾಣರು ಮಾಡುವುದೂ ಅದನ್ನೇ.

ಏಳನೆಯ ದಿನ ಹೊಳೆಯ ದಂಡೆಯಲ್ಲಿ ಬುತ್ತಿ ಉಣ್ಣುವಾಗ ಅವನಿಗೆ ಮಡಕೆಯ ನೆನಪಾಯಿತು. ಇಂದು ಕೊನೆಯ ಕಾಳು ತೆಗೆಯುತ್ತಾರೆ. ನಾನು ಬರಲಿಲ್ಲ ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಬೂಟು ಕೊಡಲು ಹೋದಾಗ ಎಲ್ಲವನ್ನೂ ಹೇಳಿ ನಕ್ಕರಾಯಿತು. ಹೀಗೆಂದುಕೊಂಡು ಅವನು ಕೈ ತೊಳೆದು ಮುಂದೆ ನಡೆದ.

ಬಯಲುಸೀಮೆಯ ತನ್ನ ಊರಿನಲ್ಲಿ ಅವನಿಗೆ ಆರತಿ ಎತ್ತಿದರು. ಉಳಿದ ವ್ಯಾಪಾರಿಗಳು ಅವನ ಪಟ್ಟಿಯನ್ನು ಕೇಳಿ ಬರೆದುಕೊಂಡರು.

ಬೇಸಿಗೆ ಬಂತು. ವ್ಯಾಪಾರಿ ಬೂಟನ್ನು ಬಿಸಿಲಿಗಿಟ್ಟು, ಧೂಳು ಝಾಡಿಸಿ, ಬಟ್ಟೆಯಲ್ಲಿ ಸುತ್ತಿದ. ರೈತನಿಗೆಂದು ಒಂದು ಚಾಕು, ಅವನ ಹೆಂಡತಿಗೆಂದು ಒಂದು ಶಾಲು ತೆಗೆದುಕೊಂಡ. ಬೆಟ್ಟದ ಊರಿನ ಅಂಚಿನಲ್ಲಿ ಮೂರು ಹೊಸ ಕಲ್ಲುಗಳನ್ನು ನೆಟ್ಟಿದ್ದರು. ಅವನು ನೋಡಿದ, ಆದರೆ ನಿಲ್ಲಲಿಲ್ಲ.

ಕೊನೆಯ ಮನೆಯ ಬಾಗಿಲಲ್ಲಿ ರೈತನ ಹೆಂಡತಿ ಜವೆ ಕೇರುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ಮೊರ ಅವಳ ಕೈಯಲ್ಲೇ ನಿಂತಿತು.

“ಯಜಮಾನರು ಎಲ್ಲಿ, ತಾಯಿ?” ಎಂದ ವ್ಯಾಪಾರಿ.

ಅವಳು ಊರಿನ ಅಂಚಿನ ಕಡೆ ಕೈ ಮಾಡಿದಳು. “ಆ ಮೂರು ಕಲ್ಲುಗಳಲ್ಲಿ ಒಂದು ಅವರದು. ಒಂದು ನಮ್ಮ ಮೈದುನನದು. ಮೂರನೆಯದು ನಿಮ್ಮದು.”

ವ್ಯಾಪಾರಿ ಆ ಕಡೆ ತಿರುಗಿ ನೋಡಿದ. ಅವಳು ಮೊರವನ್ನು ಕೆಳಗಿಟ್ಟು, ಆದದ್ದನ್ನು ಹೇಳಿದಳು. ಅವಳ ದನಿ ಏರಲಿಲ್ಲ.

ಮಡಕೆ ಬರಿದಾದ ಮರುದಿನ, ಮಡಕೆ ಇಟ್ಟುಕೊಂಡ ಮನೆಯವರು ಬೆಟ್ಟ ಹತ್ತಬೇಕು. ಅದು ಆ ಊರಿನ ಕಟ್ಟು. ಹೊರಡುವವನ ಮುಂದೆ ಅದನ್ನು ಆಡುವುದು ಅಪಶಕುನವೆಂದು ಯಾರೂ ಆಡುವುದಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅಣ್ಣತಮ್ಮಂದಿರು ಹೊರಟರು. ಬೆಟ್ಟದ ನೆತ್ತಿ ಆಗಲೇ ಕಪ್ಪಾಗಿತ್ತು. ರೈತ ಹಳೆಯ ಮೆಟ್ಟಿನೊಳಗೆ ಹುಲ್ಲು ತುರುಕಿ, ಮೇಲೆ ಗೋಣಿ ಸುತ್ತಿಕೊಂಡಿದ್ದ.

ಅವರು ಮರಳಲಿಲ್ಲ. ಬಿರುಗಾಳಿ ನಿಂತ ಮೇಲೆ ಊರವರು ಹೋದರು. ಹೆಜ್ಜೆಗಳು ಮುಚ್ಚಿಹೋಗಿದ್ದವು. ಆದರೆ ಒಂದು ಕಮರಿಯನ್ನು ಹುಡುಕಿ ಮುಗಿಸಿದರೆ ಅದರ ಬಾಯಲ್ಲಿ ಒಂದು ಕೋಲು ನೆಡುವುದು ಅಲ್ಲಿಯ ಪದ್ಧತಿ, ಅದನ್ನೇ ಮತ್ತೆ ಹುಡುಕಬಾರದೆಂದು. ಹದಿನಾಲ್ಕು ಕಮರಿಗಳ ಬಾಯಲ್ಲಿ ಕೋಲು ಇತ್ತು. ಹದಿನೈದನೆಯದರೊಳಗೆ ಅವರಿಬ್ಬರೂ ಇದ್ದರು.

“ನಿಮ್ಮ ಹೆಣ ಸಿಕ್ಕಿದ್ದರೆ ಅಂದೇ ಇಳಿದು ಬರುತ್ತಿದ್ದರು” ಎಂದಳು. “ನೀವು ಎಲ್ಲಿಯೂ ಇರಲಿಲ್ಲ. ಅದಕ್ಕೇ ಹುಡುಕುತ್ತಲೇ ಹೋದರು.”

ವ್ಯಾಪಾರಿಯ ಕೈಯಲ್ಲಿದ್ದ ಗಂಟು ಬಿಚ್ಚಿಕೊಂಡಿತ್ತು. ಅವಳು ಬೂಟನ್ನು ಎತ್ತಿಕೊಂಡಳು. ಒಳಗೆ ಕೈ ಹಾಕಿ ಉಣ್ಣೆಯನ್ನು ಮುಟ್ಟಿ ನೋಡಿದಳು.

“ಬೆಚ್ಚಗಿದ್ದವೇ?” ಎಂದು ಕೇಳಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿವಮಲ್ಲ ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ. ಬೆಟ್ಟದ ಮೇಲೆ ಆ ವ್ಯಾಪಾರಿ ಒಂದು ತಪ್ಪನ್ನೂ ಮಾಡಲಿಲ್ಲವಲ್ಲ ಬುದ್ಧಿ ಎಂದು ತನಗೇ ಹೇಳಿಕೊಂಡಂತೆ ಹೇಳಿದ.

ಗುರುಗಳು ಮಣೆಯ ಮೇಲಿದ್ದ ಪಟ್ಟಿಯನ್ನು ತೆಗೆದು, ಬೂಟಿನ ಸಾಲಿನ ಮೇಲೆ ಬೆರಳಿಟ್ಟು, ಅವನ ಮುಂದೆ ಹಿಡಿದರು.

“ಇಲ್ಲಿ ನಾಲ್ವರ ಕಾಲಿನ ಅಳತೆ ಬರೆದಿದ್ದೀಯೆ, ಒಂಬತ್ತನೆಯ ದಿನ ನಿನ್ನನ್ನು ಹುಡುಕಿ ಹೊರಡುವ ನಿಮ್ಮಣ್ಣನದು ಎಷ್ಟು?”